ಪನೀರನ್ನೂ ಲೆಕ್ಕಕ್ಕೆ ತಗೊಳ್ಳಿ

ಸಸ್ಯಾಹಾರದಿಂದ ಹೊರಬೀಳುವ ಕಾರ್ಬನ್ ಕಡಿಮೆ, ಮಾಂಸದಿಂದ ಜಾಸ್ತಿ ಅಂತ ನಿಮ್ಮ ಲೇಖನದಲ್ಲಿ ಒಂದೇ ಗೆರೆ ಎಳೆದುಬಿಟ್ಟಿದ್ದೀರಿ. ಅಷ್ಟು ಸುಲಭ ಅಲ್ಲ. ನಾನು ಮುಂಬೈಯ ಮಾಟುಂಗಾದವಳು. ಆಫೀಸಿನಲ್ಲಿ ನನ್ನ ಕೋಳಿ ಸುಕ್ಕದ ಡಬ್ಬಿ ತೆರೆದರೆ ಸಾಕು, ಪಕ್ಕದ ಮೇಜಿನವರು ಪರಿಸರದ ಪಾಠ ಶುರು ಮಾಡುತ್ತಾರೆ. ಅವರ ಡಬ್ಬಿಯಲ್ಲಿ ಪನೀರ್ ಮಖನಿ, ಮೇಲೆ ಒಂದು ಹಿಡಿ ತುರಿದ ಚೀಸ್!

2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಪೂರ್ ಮತ್ತು ನೆಮೆಚೆಕ್ ಎಂಬ ಸಂಶೋಧಕರ ಅಧ್ಯಯನ ನೋಡಿ. 119 ದೇಶಗಳ ಸುಮಾರು 38,700 ಹೊಲ, ಫಾರ್ಮ್‌ಗಳ ಲೆಕ್ಕ ಅದು. 100 ಗ್ರಾಂ ಪ್ರೋಟೀನಿಗೆ ಹೊರಬೀಳುವ, ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲ, ಜಾಗತಿಕ ಸರಾಸರಿಯಲ್ಲಿ, ಮಾಂಸಕ್ಕೆಂದೇ ಸಾಕಿದ ದನದ್ದು 50 ಕೆಜಿ. ಚೀಸ್‌ನದ್ದು 11. ಕೋಳಿಯದ್ದು 6ರ ಆಸುಪಾಸು. ಬೇಳೆಕಾಳಿನದ್ದು 1 ಕೆಜಿಯೂ ಇಲ್ಲ. ದನ, ಎಮ್ಮೆ ತೇಗಿದಾಗೆಲ್ಲ ಮೀಥೇನ್ ಎಂಬ ಹಸಿರುಮನೆ ಅನಿಲ ಬರುತ್ತದೆ. ಅದರ ಪಾಲು ಹಾಲಿಗೂ, ಹಾಲಿನಿಂದ ಮಾಡುವ ಚೀಸ್, ಪನೀರಿಗೂ ಬೀಳಬೇಕು ಅಲ್ವಾ?

ಅಮ್ಮ ಮಾಡುವ ಹುರುಳಿ ಸಾರಿನ ಮುಂದೆ ನನ್ನ ಸುಕ್ಕ ಸೋತಿತು, ಒಪ್ಪುತ್ತೇನೆ. ಆದರೆ ಪನೀರಿನ ಮುಂದೆ ಯಾಕೆ ತಲೆ ತಗ್ಗಿಸಲಿ? ಹಾಂ, ನೀರು ನಿಂತ ಭತ್ತದ ಗದ್ದೆಯಿಂದಲೂ ಮೀಥೇನ್ ಬರುತ್ತದೆ. ಆದರೂ ಕುಚ್ಚಲಕ್ಕಿ ಗಂಜಿ ಮಾತ್ರ ನಾನು ಬಿಡುವವಳಲ್ಲ.