ಭದ್ರಾವತಿಯ ಐಟಿಐ ಹುಡುಗರಿಗೆ 150 ಗಂಟೆ ಕೊಡೋರು ಯಾರು?

ಐಟಿಐ ಪಠ್ಯಕ್ರಮದಲ್ಲಿ ಸ್ಪಷ್ಟವಾಗಿ ಬರೆದಿದೆ: ವರ್ಷಕ್ಕೆ 150 ಗಂಟೆ ಹತ್ತಿರದ ಕಾರ್ಖಾನೆಯಲ್ಲಿ ತರಬೇತಿ ಕಡ್ಡಾಯ, ಕಾರ್ಖಾನೆ ಇಲ್ಲದ ಕಡೆ ಗ್ರೂಪ್ ಪ್ರಾಜೆಕ್ಟ್. ಹಳ್ಳಿಗಾಡಿನ ಐಟಿಐಗಳಿಗೆ ತೊಂದರೆ ಆಗಬಾರದು ಅಂತ ಇಟ್ಟ ವಿನಾಯಿತಿ ಅದು. ಭದ್ರಾವತಿಯಂಥ ಊರಲ್ಲೂ ಅದನ್ನೇ ಹಿಡ್ಕೊಂಡು ಮಕ್ಕಳ ಎರಡು ವರ್ಷ ಮುಗಿಸಿಬಿಟ್ಟರೆ ಹೊಟ್ಟೆ ಉರಿಯದೆ ಇರುತ್ತಾ?

ಇದು ಯಾವ ಊರು ಅಂತ ನೆನಪಿದೆಯಾ? 1923ರಿಂದ ಕಬ್ಬಿಣ ಕರಗಿಸಿದ ಊರು. 1936ರಲ್ಲಿ ಕಾಗದ ಕಾರ್ಖಾನೆ ಬಂದ ಊರು. ಆ ಕಾಗದ ಕಾರ್ಖಾನೆ ಎಂಪಿಎಂ 2015ರ ಹೊತ್ತಿಗೆ ನಿಂತಿತು. ಕಬ್ಬಿಣ-ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಹೋರಾಟ ಆಯ್ತು, ಆಮೇಲೆ ರೋಲಿಂಗ್ ಕೆಲಸ ಒಂದಿಷ್ಟು ಮತ್ತೆ ಶುರುವಾಯ್ತು. ನ್ಯೂಟೌನ್, ಪೇಪರ್ ಟೌನ್‌ನ ಕ್ವಾರ್ಟರ್ಸ್ ಬಗ್ಗೆ ಎಲ್ಲರೂ ಮಾತಾಡ್ತಾರೆ, ನಿವೃತ್ತರ ಬಾಕಿ ಬಗ್ಗೆ ಮಾತಾಡ್ತಾರೆ, ಮಾತಾಡಲೇಬೇಕು. ಆದರೆ ಇವತ್ತು ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಓದುತ್ತಿರುವ ಹುಡುಗನ ಗತಿ ಏನು ಅಂತ ಕೇಳೋರಿಲ್ಲ.

ಫಿಟ್ಟರ್ ಮೊದಲ ವರ್ಷದಲ್ಲಿ ಪ್ರಾಕ್ಟಿಕಲ್ಲೇ 840 ಗಂಟೆ. ಒಂದು ಬ್ಯಾಚಿಗೆ 20 ಜನ. ಎಂಎಸ್ ಫ್ಲಾಟನ್ನು (ಮೆದು ಉಕ್ಕಿನ ಪಟ್ಟಿ) ವೈಸ್‌ಗೆ ಕಟ್ಟಿ ಅರದಿಂದ ಉಜ್ಜಿ ಉಜ್ಜಿ ಕೊನೆಗೆ 0.04 ಮಿ.ಮೀ. ಹೆಚ್ಚುಕಮ್ಮಿಯೊಳಗೆ ಗಂಡು-ಹೆಣ್ಣು ತುಂಡು ಕೂರಿಸಬೇಕು. ಕೈ ಪಳಗೋದು ಅಲ್ಲೇ, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಮೆಷಿನ್ ಹತ್ತಿರ ಬಂದಾಗ. ಹಳೇ ಲೇತಿನ (ತುಂಡನ್ನ ತಿರುಗಿಸಿ ಕಡಿಯೋ ಮೆಷಿನ್) ಬೆಡ್, ಅಂದ್ರೆ ಟೂಲ್ ಜಾರೋ ಹಳಿ, ಸವೆಯೋದು ತುಂಡು ಹಿಡಿಯೋ ಚಕ್ಕಿನ ಹತ್ತಿರ, ಯಾಕೆಂದರೆ ಎಲ್ಲ ಬ್ಯಾಚಿನವರೂ ಗಿಡ್ಡ ತುಂಡನ್ನೇ ಅಲ್ಲೇ ಕಡಿದಿರ್ತಾರೆ. ಅಂಥ ಲೇತಿನಲ್ಲಿ ಉದ್ದದ ರಾಡ್ ಹಾಕಿದರೆ ನೇರ ಹೊಡೆದದ್ದೂ ಟೇಪರ್ ಆಗಿ, ಒಂದು ಕಡೆ ದಪ್ಪ ಇನ್ನೊಂದು ಕಡೆ ಸಣ್ಣ ಆಗಿ ಬರುತ್ತೆ. ಹುಡುಗ ತನ್ನ ಕೈಯೇ ಸರಿಯಿಲ್ಲ ಅಂದ್ಕೊಳ್ತಾನೆ. ತಪ್ಪು ಬೆಡ್‌ದು ಅಂತ ಅವನಿಗೆ ಹೇಳೋರು ಯಾರು?

ಹೊಸ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿನಂತೆ ಕಡಿಯೋ ಮೆಷಿನ್) ಕೊಟ್ಟಿದ್ದೀವಲ್ಲ ಅಂತೀರಾ? ಸಿಎನ್‌ಸಿ ಬಟ್ಟೆ ಹೊದಿಸಿ ಇಡೋ ವಸ್ತುವಲ್ಲ. ಮೆಷಿನ್ ಆಫ್ ಆಗಿದ್ದಾಗ ಪ್ಯಾರಾಮೀಟರು, ಆಫ್‌ಸೆಟ್ಟು (ಟೂಲಿನ ಅಳತೆ ಸರಿಪಡಿಸೋ ಲೆಕ್ಕ), ಪ್ರೋಗ್ರಾಮು ಉಳಿಸಿಕೊಳ್ಳೋದು ಕಂಟ್ರೋಲಿನ ಒಳಗಿರೋ ಸಣ್ಣ ಲಿಥಿಯಂ ಬ್ಯಾಟರಿ. ತಿಂಗಳುಗಟ್ಟಲೆ ಆನ್ ಮಾಡದೆ ಬಿಟ್ಟು ಆ ಬ್ಯಾಟರಿ ಸತ್ತರೆ ಎಲ್ಲ ಅಳಿಸಿಹೋಗುತ್ತೆ. ಮೆಷಿನ್ ಎಲ್ಲಿ ನಿಂತಿದೆ ಅಂತ ನೆನಪಿಡೋ ಆಬ್ಸಲ್ಯೂಟ್ ಎನ್‌ಕೋಡರಿನ ಬ್ಯಾಟರಿಯೂ ಹೋದರೆ ಮೆಷಿನ್‌ಗೆ ತನ್ನ ಹೋಮ್ ಪೊಸಿಷನ್ನೇ ಗೊತ್ತಿರಲ್ಲ. ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು, ಅದೂ ಕಂಟ್ರೋಲ್ ಆನ್ ಇಟ್ಟುಕೊಂಡೇ. ಇಷ್ಟು ಮಾಡದೆ ಹೋದರೆ ಲಕ್ಷಗಟ್ಟಲೆಯ ಮೆಷಿನ್ ಸರ್ವಿಸ್ ಇಂಜಿನಿಯರನ್ನು ಕಾಯ್ತಾ ಬಿದ್ದಿರುತ್ತೆ.

ಮೆಷಿನ್ ಚೆನ್ನಾಗೇ ಇದೆ ಅಂತಿಟ್ಟುಕೊಳ್ಳಿ. ಕ್ಲಾಸಲ್ಲಿ ಒಬ್ಬೊಬ್ಬನಿಗೆ ಒಂದೊಂದು ಜಾಬ್. ಒಂದು ಪೀಸ್ ಕಡಿದರೆ ಮುಗೀತು. ಕಾರ್ಖಾನೆಯಲ್ಲಿ ಹಾಗಲ್ಲ. 25.00 ಮಿ.ಮೀ. ಬರಬೇಕಾದ ವ್ಯಾಸ ನಲವತ್ತು, ಐವತ್ತು ಪೀಸ್ ಆದ ಮೇಲೆ 25.03ಕ್ಕೆ ಏರಿರುತ್ತೆ, ಯಾಕೆಂದರೆ ಲೋಹ ಕಡಿಯೋ ಇನ್ಸರ್ಟಿನ (ಟೂಲಿನ ತುದಿಯ ಸಣ್ಣ ಬಿಲ್ಲೆ) ಮೂತಿ ಸವೆದಿರುತ್ತೆ. ಆಗ ಪ್ರೋಗ್ರಾಮಿಗೆ ಕೈ ಹಾಕಬಾರದು. ಸವೆತ ಸರಿದೂಗಿಸೋ ವೇರ್ ಆಫ್‌ಸೆಟ್ಟಿನ ಎಕ್ಸ್‌ನಲ್ಲಿ (ವ್ಯಾಸದ ಲೆಕ್ಕ) ಮೈನಸ್ 0.03 ಸೇರಿಸಬೇಕು, ಮುಂದಿನ ಪೀಸ್ ಅಳೆಯಬೇಕು, ಲಾಗ್ ಬುಕ್ಕಲ್ಲಿ ಬರೆಯಬೇಕು. ಇನ್ಸರ್ಟ್ ಮೂಲೆ ತಿರುಗಿಸಿದ ತಕ್ಷಣ ಆ 0.03 ತೆಗೆಯಬೇಕು, ಮರೆತರೆ ಮುಂದಿನ ಪೀಸ್ ಅಂಡರ್‌ಸೈಜ್ ಆಗಿ ಸ್ಕ್ರ್ಯಾಪಿಗೆ ಹೋಗುತ್ತೆ. ಇಂಟರ್‌ವ್ಯೂನಲ್ಲಿ ಕೇಳೋದು ಇದನ್ನೇ! ಒಂದೇ ಪೀಸ್ ಕಡಿದವನಿಗೆ ಐವತ್ತನೇ ಪೀಸಿನ ಕಥೆ ಹೇಗೆ ಗೊತ್ತಾಗಬೇಕು? 150 ಗಂಟೆ ಇಟ್ಟಿರೋದೇ ಇದನ್ನೆಲ್ಲ ಕಣ್ಣಾರೆ ನೋಡಲಿ ಅಂತ. ಅದರ ಬದಲು ನಾಲ್ಕು ಸ್ಕ್ವೇರ್ ಪೈಪ್ ವೆಲ್ಡ್ ಮಾಡಿದ ಒಂದು ಸ್ಟೂಲು, ಬಣ್ಣ ಬಳಿದ ಒಂದು ಮಾಡೆಲ್ಲು, ಒಂದು ಸ್ಪೈರಲ್ ಬೈಂಡಿಂಗ್ ರಿಪೋರ್ಟು. ಆರು ಜನರಲ್ಲಿ ಕೆಲಸ ಮಾಡಿದವನು ಒಬ್ಬ, ಸಹಿ ಆರು ಜನರದ್ದು.

"ಹತ್ತಿರ ಕಾರ್ಖಾನೆ ಎಲ್ಲಿದೆ?" ಅಂತ ದಯವಿಟ್ಟು ಕೇಳಬೇಡಿ. ಶಿವಮೊಗ್ಗದ ದಾರಿಯಲ್ಲೇ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇದೆ. ಫೌಂಡ್ರಿ ಇದೆ, ಮೆಷಿನ್ ಶಾಪ್ ಇದೆ. 20 ಜನರನ್ನ ಒಟ್ಟಿಗೆ ಕರ್ಕೊಂಡು ಹೋದರೆ ಯಾವ ಮಾಲೀಕನೂ ಒಳಗೆ ಬಿಡಲ್ಲ, ಅದು ಅವರ ತಪ್ಪಲ್ಲ. ಕರಗಿದ ಲೋಹ ಹೊಯ್ಯೋ ಜಾಗದಲ್ಲಿ 20 ಹೊಸಬರನ್ನ ನೋಡಿಕೊಳ್ಳೋಕೆ ಸೂಪರ್‌ವೈಸರ್ ಎಲ್ಲಿಂದ ತರೋದು? ಐದೈದು ಜನರ ನಾಲ್ಕು ತಂಡ ಮಾಡಿ. ದಿನಕ್ಕೆ 6 ಗಂಟೆಯಂತೆ 25 ದಿನಕ್ಕೆ 150 ಗಂಟೆ ಆಗುತ್ತೆ. ನಾಲ್ಕು ತಂಡಕ್ಕೆ 100 ಕೆಲಸದ ದಿನ. ಒಂದು ವರ್ಷದೊಳಗೆ ಆರಾಮಾಗಿ ಮುಗಿಯುತ್ತೆ, ಉಳಿದ 15 ಜನರಿಗೆ ಕ್ಲಾಸಲ್ಲಿ ಮೆಷಿನ್ ಹತ್ತಿರ ಜಾಗವೂ ಸಿಗುತ್ತೆ. ಮಾಲೀಕರ ಭಯ ಅಪಘಾತದ್ದು. ಅದಕ್ಕೆ ಲಿಖಿತ ಒಪ್ಪಂದ, ಗುಂಪು ಅಪಘಾತ ವಿಮೆ, ಉಕ್ಕಿನ ಟೋ ಇರೋ ಶೂ, ಕನ್ನಡಕ, ಜೊತೆಗೆ ವಾರಕ್ಕೊಂದು ದಿನ ಬಂದು ನೋಡಿಕೊಂಡು ಹೋಗೋ ಒಬ್ಬ ಇನ್‌ಸ್ಟ್ರಕ್ಟರ್. ಇದರಲ್ಲಿ ಯಾವುದಕ್ಕೆ ದೆಹಲಿಯ ಅಪ್ಪಣೆ ಬೇಕು?

ಬಸ್ಸಿನದ್ದು ಇನ್ನೊಂದು ಗೋಳು. ವಿದ್ಯಾರ್ಥಿ ಪಾಸ್ ಮನೆಯಿಂದ ಕಾಲೇಜಿಗೆ ಮಾತ್ರ, ತರಬೇತಿ ಜಾಗಕ್ಕೆ ನಡೆಯಲ್ಲ. ಸರ್ಕಾರಿ ಪಾಸು ಖಾಸಗಿ ಬಸ್ಸಲ್ಲಿ ನಡೆಯಲ್ಲ, ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯೂ ಅಲ್ಲಿ ಅನ್ವಯಿಸಲ್ಲ. 25 ದಿನಕ್ಕೆ ತಾತ್ಕಾಲಿಕ ಪಾಸ್ ಕೊಟ್ಟರೆ ಖಜಾನೆ ಬರಿದಾಗುತ್ತಾ?

ಪಾಸಾದ ಮೇಲಿನ ಅಪ್ರೆಂಟಿಸ್‌ಶಿಪ್ಪೂ ಹೀಗೇ. 30 ಅಥವಾ ಅದಕ್ಕಿಂತ ಹೆಚ್ಚು ಜನರಿರೋ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್ ತಗೋಬೇಕು ಅಂತ ಕಾನೂನಿದೆ. ಹೆಚ್ಚಿನ ಸೀಟು ಇರೋದು ಬೆಂಗಳೂರಲ್ಲಿ. ಸ್ಟೈಪೆಂಡಿನಲ್ಲಿ ರೂಮು, ಊಟ ಕಳೆದು ಮನೆಗೆ ಕಳಿಸೋಕೆ ಏನೂ ಉಳಿಯಲ್ಲ. ಅಪ್ಪನ ಕಾಂಟ್ರ್ಯಾಕ್ಟ್ ಕೆಲಸ ಹೋದ ಮನೆಯ ಹುಡುಗ ಅಲ್ಲಿ ಹೇಗೆ ನಿಲ್ತಾನೆ? ನಡುವೆ ಬಿಟ್ಟು ಬಂದರೆ ಸರ್ಟಿಫಿಕೇಟ್ ಇಲ್ಲ.

ಕುಲುಮೆ ಮತ್ತೆ ಹೊತ್ತಿಸೋದು ಪ್ರಾಂಶುಪಾಲರ ಕೈಯಲ್ಲಿಲ್ಲ, ಒಪ್ತೀನಿ. ನಾಲ್ಕು ತಂಡದ ಪಟ್ಟಿ ಬರೆದು ಮಾಚೇನಹಳ್ಳಿಯ ಗೇಟಿಗೆ ಹೋಗಿ ಮಾತಾಡೋದು ಖಂಡಿತ ಅವರ ಕೈಯಲ್ಲೇ ಇದೆ. ಈ ವರ್ಷದ ಬ್ಯಾಚಿಗೇ ಅದನ್ನ ಮಾಡಿ. ಗ್ರೂಪ್ ಪ್ರಾಜೆಕ್ಟಿನ ಹಾಳೆಗೆ ಸಹಿ ಹಾಕೋ ಮೊದಲು ಎಷ್ಟು ಕಾರ್ಖಾನೆಗೆ ಪತ್ರ ಬರೆದಿರಿ, ಯಾರು ಏನು ಉತ್ತರ ಕೊಟ್ಟರು ಅನ್ನೋದನ್ನ ನೋಟಿಸ್ ಬೋರ್ಡಿಗೆ ಹಾಕಿ.