ಆಟಿಸಂ ಸ್ಕೋರ್ ಎಷ್ಟು ಬಂತು?

ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಆಟಿಸಂ ಪ್ರಶ್ನೆಗಳ ಲಿಂಕ್ ಹಾಕಿದರು. ತಗೊಳ್ಳಿ, ಕ್ರಿಕೆಟ್ ಸ್ಕೋರಿನ ಹಾಗೆ 'ನಂದು 24', 'ನಂದು 29' ಶುರುವಾಯ್ತು. ಕೊನೆಗೆ ಒಬ್ಬರು, 'ಎಲ್ರಿಗೂ ಸ್ವಲ್ಪ ಸ್ವಲ್ಪ ಆಟಿಸಂ ಇದ್ದೇ ಇರುತ್ತೆ ಬಿಡ್ರೀ' ಅಂದರು.

ಆ ಮಾತಿಗೆ ನನ್ನ ತಕರಾರಿದೆ.

ಆ ಪ್ರಶ್ನೆಗಳೇನೂ ಪೊಳ್ಳಲ್ಲ. 2001ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್ ತಂಡ ಮಾಡಿದ್ದು. 50 ಪ್ರಶ್ನೆ, 50 ಅಂಕ. ಆಗ ಸಾಮಾನ್ಯ ಜನರ ಸರಾಸರಿ 16ರ ಆಸುಪಾಸು ಬಂದಿತ್ತು. ಆಟಿಸಂ ಇದ್ದವರಲ್ಲಿ ಶೇ. 80ರಷ್ಟು ಜನ 32 ಅಥವಾ ಜಾಸ್ತಿ ತೆಗೆದಿದ್ದರು. ವಿಜ್ಞಾನ, ಗಣಿತ ಓದುವವರ ಅಂಕ ಕಲಾ ವಿಭಾಗದವರಿಗಿಂತ ಜಾಸ್ತಿ ಇತ್ತು. ನಮ್ಮ ಸಾಫ್ಟ್‌ವೇರ್‌ನವರು ಬೀಗೋಕೆ ಇನ್ನೇನು ಬೇಕು! ಜನರ ಜೊತೆ ಬೆರೆಯೋದು ಕಷ್ಟ, ಸಣ್ಣ ಸಣ್ಣ ವಿವರಗಳ ಮೇಲೇ ಗಮನ, ಹೀಗೆ ಆ ಪ್ರಶ್ನೆಗಳು ಅಳೆಯೋ ಗುಣಗಳು ಎಲ್ಲರಲ್ಲೂ ಹೆಚ್ಚು ಕಮ್ಮಿ ಇರೋದು ನಿಜ. ಗುಣ ಇದ್ದ ಮಾತ್ರಕ್ಕೆ ಆಟಿಸಂ ಆಗಲ್ಲ.

ನನ್ನ ಅಕ್ಕನ ಮಗನಿಗೆ ಆಟಿಸಂ ಇದೆ. ಮಿಕ್ಸಿ ಸದ್ದು ಅವನಿಗೆ ಆಗಲ್ಲ. ಅವನು ಸ್ಕೂಲಿಗೆ ಹೋದ ಮೇಲೇ ಅಕ್ಕ ಚಟ್ನಿ ರುಬ್ಬೋದು. ಭಾನುವಾರ ದೋಸೆಗೆ ಚಟ್ನಿಪುಡಿಯೇ ಗತಿ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆದ ದಿನ ಅವನನ್ನು ನಮ್ಮ ಮನೆಗೆ ಕರ್ಕೊಂಡು ಬಂದಳು. ಸಂಜೆವರೆಗೂ ಅವನು ಕಿವಿಯಿಂದ ಕೈ ತೆಗೆಯಲಿಲ್ಲ. ಅಕ್ಕನೇ ಮೊಸರನ್ನ ಕಲಸಿ ಬಾಯಿಗಿಟ್ಟಳು. ಹಾರ್ನ್ ಸದ್ದು ನನಗೂ ಕಿರಿಕಿರಿಯೇ. ಹೆಡ್‌ಫೋನ್ ಹಾಕ್ಕೊಂಡು ಸಿಲ್ಕ್ ಬೋರ್ಡ್ ದಾಟ್ತೀನಿ, ಅಲ್ಲಿಗೆ ಮುಗೀತು. ಎರಡೂ ಒಂದೇ ಅಂತ ಅಕ್ಕನ ಮುಂದೆ ಹೇಳಿ ನೋಡೋಣ.

ಇನ್ನು ಆಟಿಸಂ ಇದ್ದವರ ಮೆದುಳಿನ 'ಕನೆಕ್ಷನ್' ಬೇರೆ ಥರ ಅನ್ನೋ ಕಥೆ. ಎಂಆರ್‌ಐ ಸ್ಕ್ಯಾನರಿನೊಳಗೆ ಸುಮ್ನೆ ಮಲಗಿಸಿ, ಯಾವ ಯಾವ ಭಾಗಗಳಲ್ಲಿ ರಕ್ತದ ಆಮ್ಲಜನಕದ ಮಟ್ಟ ಒಟ್ಟಿಗೆ ಏರಿಳಿಯುತ್ತೆ ಅಂತ ನೋಡುತ್ತಾರೆ. ಒಟ್ಟಿಗೆ ಏರಿಳಿದರೆ ನಂಟಿದೆ ಅಂತ ಲೆಕ್ಕ. ಆಟಿಸಂನಲ್ಲಿ ದೂರದ ಭಾಗಗಳ ನಂಟು ಕಮ್ಮಿ ಅನ್ನೋ ವಾದ 2004ರ ಹೊತ್ತಿಗೆ ಜೋರಾಗಿತ್ತು. ಆಮೇಲೆ ಜಾಸ್ತಿ ಅನ್ನೋ ಫಲಿತಾಂಶಗಳೂ ಬಂದವು. 2012ರಲ್ಲಿ ಇನ್ನೊಂದು ಎಡವಟ್ಟು ಬಯಲಾಯ್ತು. ಸ್ಕ್ಯಾನ್ ಮಾಡುವಾಗ ತಲೆ ಚೂರು ಅಲ್ಲಾಡಿದರೂ ದೂರದ ನಂಟು ಕಮ್ಮಿ, ಹತ್ತಿರದ್ದು ಜಾಸ್ತಿ ಕಾಣುತ್ತಂತೆ! ಮಕ್ಕಳು ಅಲ್ಲಾಡದೆ ಮಲಗ್ತಾರಾ?

ಆಟಿಸಂ ಇಲ್ಲದವರಲ್ಲೂ ಈ ಗುಣಗಳಿಗೂ ಮೆದುಳಿನ ನಂಟಿಗೂ ಸಂಬಂಧ ಇದೆಯಾ ಅಂತ ಹುಡುಕುವವರಿದ್ದಾರೆ. ಹುಡುಕಲಿ, ಒಳ್ಳೆ ಪ್ರಶ್ನೆಯೇ. ಆದರೆ ಗುಂಪಿನ ಸರಾಸರಿಯಲ್ಲಿ ಕಾಣೋ ಸಣ್ಣ ವ್ಯತ್ಯಾಸ ಇಟ್ಕೊಂಡು ಒಂದು ಮಗುವಿನ ವಿಷಯ ಹೇಳೋಕಾಗಲ್ಲ.

ಅದನ್ನೇ ಹೇಳ್ತೀವಿ ಅಂತ ಇಲ್ಲೊಂದು ಕ್ಲಿನಿಕ್ ಅಕ್ಕನ ಕೈಗೆ ಕೆಂಪು-ನೀಲಿ ಬಣ್ಣದ 'ಬ್ರೈನ್ ಮ್ಯಾಪಿಂಗ್' ರಿಪೋರ್ಟ್ ಕೊಟ್ಟಿತ್ತು. ಮಗುವಿನ ಡಾಕ್ಟರ್ ಅದನ್ನು ಪಕ್ಕಕ್ಕಿಟ್ಟು, 'ಹೆಸರು ಕರೆದರೆ ತಿರುಗ್ತಾನಾ? ಬೇಕಾದ್ದನ್ನು ಹೇಗೆ ಕೇಳ್ತಾನೆ?' ಅಂತ ಶುರು ಮಾಡಿದರು. ಆಟಿಸಂ ಗುರುತಿಸೋಕೆ ಇರೋ, ನಮ್ಮ ದೇಶದ್ದೇ ಆದ 'ಐಸಾ' (ISAA) ಅಳತೆಯಲ್ಲಿ 40 ಅಂಶಗಳಿವೆ. ಎಲ್ಲವೂ ಮಗುವನ್ನು ನೋಡಿ, ಅಪ್ಪ ಅಮ್ಮನನ್ನು ಕೇಳಿ ತುಂಬುವಂಥವು. ಹಾಗಾಗಿ ಯಾರಾದರೂ ಬಣ್ಣದ ಚಿತ್ರ ತೋರಿಸಿ ಆಟಿಸಂ ಹೇಳ್ತೀವಿ ಅಂದರೆ ನಮಸ್ಕಾರ ಹಾಕಿ ಎದ್ದು ಬನ್ನಿ. ಆ ದುಡ್ಡು ಸ್ಪೀಚ್ ಥೆರಪಿಗಾದರೂ ಆಗುತ್ತೆ.