ಕ್ರೌನ್-ಪಿನಿಯನ್ ಬದಲಿಸುವ ಮುಂಚೆ ಇದನ್ನೂ ನೋಡಿ

ಕ್ರೌನ್-ಪಿನಿಯನ್ (ಎಂಜಿನ್ ಸುತ್ತನ್ನು ಚಕ್ರಕ್ಕೆ ದಾಟಿಸುವ, ಆಕ್ಸಲ್ ಒಳಗಿನ ಜೋಡಿ ಗೇರ್) ಬದಲಿಸಿ ಹಿಂಬದಿ ಆಕ್ಸಲ್ ರೇಶಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರಲು ಪಿನಿಯನ್ ಎಷ್ಟು ಸುತ್ತಬೇಕು ಅನ್ನುವ ಲೆಕ್ಕ, ಕಡಿಮೆ ಮಾಡಿದರೆ ಹೈವೇಯಲ್ಲಿ ಎಂಜಿನ್ ಹಗುರವಾಗಿ ಓಡುತ್ತದೆ ಅಂತ ಲೇಖನದಲ್ಲಿ ಬರೆದಿದ್ದೀರಿ, ನಿಜ. ನಮ್ಮ ಮಲೆನಾಡಿನ ಹಳೇ ಜೀಪನ್ನೇ ತಗೊಳ್ಳಿ. ಮೊದಲ ಜೀಪುಗಳನ್ನು ಮಾಡಿದ ಅಮೆರಿಕದ ವಿಲ್ಲಿಸ್ ಕಂಪನಿ ಕಾಲದ ರೇಶಿಯೋ 5.38, ಅಂದ್ರೆ ಪಿನಿಯನ್‌ಗೆ 8 ಹಲ್ಲು, ಕ್ರೌನ್‌ಗೆ 43. ಟೈರ್ ಒಂದು ಸುತ್ತಿಗೆ 2.2 ಮೀಟರ್ ಹೋಗುತ್ತದೆ ಅಂತ ಇಟ್ಟುಕೊಂಡರೆ, ಟಾಪ್ ಗೇರ್ ನೇರ 1:1 (ಎಂಜಿನ್ ಒಂದು ಸುತ್ತಿಗೆ ಪಿನಿಯನ್ನೂ ಒಂದೇ ಸುತ್ತು) ಇರುವುದರಿಂದ, 80 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 606 ಸುತ್ತು, ಎಂಜಿನ್ 3,260. ಅದೇ ಜಾಗಕ್ಕೆ 4.10 ಹಾಕಿದರೆ 2,485ಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಕೂತವರ ಮಾತು ಕೇಳಿಸುವಷ್ಟು ವ್ಯತ್ಯಾಸ ಅದು!

ಆದರೆ ನೀವು ಬಿಟ್ಟ ಮುಖ್ಯ ವಿಷಯ ಒಂದಿದೆ. ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಗಾಡಿಯಾದರೆ ಮುಂದಿನ ಆಕ್ಸಲ್‌ಗೂ ಅದೇ ರೇಶಿಯೋ ಹಾಕಲೇಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಆಕ್ಸಲ್ ಒಂದನ್ನೊಂದು ಎಳೆದಾಡಿ ಏನಾದರೂ ಮುರಿಯುತ್ತದೆ. ಸ್ಪೀಡೋಮೀಟರ್ ಕೇಬಲ್ ಆಕ್ಸಲ್‌ಗಿಂತ ಮುಂಚೆಯೇ ಹೊರಟು ಹಳೇ ರೇಶಿಯೋ ಲೆಕ್ಕದಲ್ಲೇ ವೇಗ ತೋರಿಸುವುದರಿಂದ ಗಾಡಿ 80ರಲ್ಲಿ ಹೋಗುತ್ತಿದ್ದರೂ ಮುಳ್ಳು 61 ತೋರಿಸುತ್ತದೆ. ಇದು ಅಪಾಯ ಅಲ್ವಾ? ಇನ್ನು ಘಾಟಿ. ಚಕ್ರಕ್ಕೆ ಸಿಗುವ ಎಳೆತ ಹತ್ತಿರ ಹತ್ತಿರ ಕಾಲು ಭಾಗ ಕಮ್ಮಿಯಾಗುತ್ತದೆ. ಅಡಿಕೆ ಮೂಟೆ ಹೇರಿಕೊಂಡು ಆಗುಂಬೆ ಹತ್ತುವಾಗ ಸೆಕೆಂಡ್‌ನಲ್ಲಿ ದಾಟುತ್ತಿದ್ದ ತಿರುವಿನಲ್ಲಿ ಗಾಡಿ ಫಸ್ಟ್ ಕೇಳುತ್ತದೆ. ತೋಟ, ಘಾಟಿ ಓಡಾಟವೇ ಜಾಸ್ತಿ ಇರುವವರು ಸುಮ್ನೆ ಮೈಲೇಜ್ ಆಸೆಗೆ 5.38 ಬಿಚ್ಚಿಸಬೇಡಿ.